ಗೂಡ್ಸ್ ಗಾಡಿ ಹೋಗುವಷ್ಟು ಹೊತ್ತು

ಶುಕ್ರವಾರ ಫೈನಲ್. ಸೋಮವಾರದಿಂದಲೇ
ನನ್ನ ಮಿಷನ್ನಿನ ಪೆಡಲು ತಾಳ ತಪ್ಪಿದೆ.
ಮದುಮಗಳ ರವಿಕೆಗೆ ಎರಡೂ ಬಲಗೈ ಹೊಲಿದೆ,
ಅವಳ ತಾಯಿ ಅಂಗಡಿಯ ಬಾಗಿಲಲ್ಲಿ ನಿಂತು
‘ಎಂತ ಐತಪ್ಪಣ್ಣ, ಜ್ವರವಾ?’ ಅಂದರು.
ಜ್ವರವೇ. ವರ್ಷಕ್ಕೊಮ್ಮೆ ಬರುತ್ತದೆ,
ಉಪ್ಪಳದ ಕೊಯ್ಲಾದ ಗದ್ದೆಗೆ
ಬಿದಿರಿನ ಗ್ಯಾಲರಿ ಕಟ್ಟಿ, ಕಂಬಕ್ಕೆ ಲೈಟು ಏರಿಸಿದ ಮೇಲೆ.

ಏಳು ಜನರ ಆಟ.
ಬೇಕೂರು ಬ್ರದರ್ಸಿನ ಏಳು ಬೆನ್ನಿಗೂ
ಅಕ್ಟೋಬರದಲ್ಲೇ ನಂಬರ್ ಹೊಲಿದವ ನಾನು.
ಎಂಟನೆಯವ ನಾನೇ ಅಂತ
ಯಾರಿಗೂ ಹೇಳಿಲ್ಲ. ಹೆಂಡತಿಗೆ ಗೊತ್ತು,
ರಾತ್ರಿ ಮಂಚಕ್ಕೆ ಒದೆಯುತ್ತೇನಂತೆ.

ಮೂರು ವರ್ಷ ಫೈನಲಲ್ಲೇ ಸೋತೆವು.
ಮೊದಲ ಸಲ ಉಟ್ಟದ್ದು ಕೆಂಪು ಚೌಕಳಿ ಲುಂಗಿ,
ಅದೀಗ ಮಿಷನ್ನಿನ ಎಣ್ಣೆ ಒರೆಸುತ್ತದೆ.
ಆಮೇಲೆ ಅಂದುಂಞಿಯ ಎಡಕ್ಕೆ ಕೂತೆ,
ಮರುವರ್ಷ ಬಲಕ್ಕೆ.
ದೋಷ ಲುಂಗಿಯದಲ್ಲ, ಅಂದುಂಞಿಯದೂ ಅಲ್ಲ,
ನನ್ನ ಕಣ್ಣಿನದು ಎಂಬಲ್ಲಿಗೆ
ಲೆಕ್ಕ ಬಂದು ನಿಂತಿತು.

ಒಂದಕ್ಕೊಂದು ಸಮ. ಎರಡು ನಿಮಿಷ ಬಾಕಿ.
ನಮಗೆ ಪೆನಾಲ್ಟಿ.
ಮೈಕಿನವ ಮಲಯಾಳದಲ್ಲಿ ಉಸಿರು ಬಿಗಿಹಿಡಿದ,
ಹಿಂದಿನ ಸಾಲು ತುಳುವಿನಲ್ಲಿ ದೈವಕ್ಕೆ ಹರಕೆ ಹೇಳಿತು,
ಅಂದುಂಞಿ ತನ್ನ ಭಾಷೆಯಲ್ಲಿ ಏನೋ ಗೊಣಗಿ
ನನ್ನ ತೊಡೆ ಹಿಡಿದ.
ಚೆಂಡಿನ ಹಿಂದೆ ಸುಕೇಶ, ಒಂಬತ್ತನೇ ನಂಬರ್.
ಆ ಒಂಬತ್ತರ ಬಾಲಕ್ಕೆ
ಎರಡು ಸಲ ಹೊಲಿಗೆ ಹಾಕಿದ್ದೆ, ಗಟ್ಟಿಯಿರಲಿ ಅಂತ.
ಎದ್ದೆ.
‘ಈಗ ಎಲ್ಲಿಗೆ ಮಾರಾಯ!’
‘ಮೂತ್ರಕ್ಕೆ’ ಅಂದೆ.

ಗದ್ದೆಯಾಚೆ ರೈಲು ಹಳಿ.
ಬೇಲಿಯ ಕಲ್ಲುಕಂಬ ಹಿಡಿದು, ಆಟಕ್ಕೆ ಬೆನ್ನು ಹಾಕಿ,
ಕಿವಿಯೊಂದನ್ನು ಮಾತ್ರ ಅಲ್ಲಿಟ್ಟು ನಿಂತೆ.
ಸೀಟಿ ಕೇಳಿತು. ರೆಫ್ರಿಯದೋ ಅಂದರೆ,
ಅಲ್ಲ, ಮಂಗಳೂರು ಕಡೆಯಿಂದ ಗೂಡ್ಸ್ ಗಾಡಿ.

ಎಷ್ಟೊಂದು ಡಬ್ಬಿ! ಸಿಮೆಂಟೋ, ಗೊಬ್ಬರವೋ,
ನೆಲ ನಡುಗಿಸಿಕೊಂಡು ಹೋಯಿತು, ಹೋಯಿತು, ಹೋಗುತ್ತಲೇ ಇತ್ತು.
ಎಣಿಸಿದೆ. ನಲವತ್ತೆರಡು.
ಅಷ್ಟು ಹೊತ್ತು ನಾವು ಗೆದ್ದಿದ್ದೆವು.
ಸುಕೇಶನನ್ನು ಹೆಗಲಲ್ಲಿ ಹೊತ್ತು ಕೈಕಂಬದವರೆಗೆ ನಡೆದೆವು,
ಕಪ್ಪಿನೊಳಗೆ ಯಾರೋ ಸೋಡಾ ಹೊಯ್ದರು,
ಹಾಳಾದ ರವಿಕೆಗೆ ಆ ತಾಯಿ
ಒಂದು ಮಾತೂ ಆಡಲಿಲ್ಲ.

ಕೊನೆಯ ಡಬ್ಬಿಯ ಕೆಂಪು ದೀಪ
ಕುಂಬಳೆಯ ಕಡೆ ಸಣ್ಣದಾಯಿತು.
ನಾನು ತಿರುಗಲಿಲ್ಲ. ತಿರುಗಬೇಕಾಗಲೂ ಇಲ್ಲ.
ಸೋತ ಗದ್ದೆಗೆ ಅದರದ್ದೇ ಸದ್ದುಂಟು:
ಬಿದಿರಿನಿಂದ ಚಪ್ಪಲಿಗಳು ಇಳಿಯುವುದು,
ಬೈಕುಗಳು ಒಂದೊಂದಾಗಿ ಶುರುವಾಗುವುದು,
ಯಾರೂ ಹಾರನ್ ಒತ್ತದಿರುವುದು.
ಪಟಾಕಿ ಸಿಡಿಯಿತು, ಹೌದು,
ತೃಕ್ಕರಿಪುರದವರ ಜೀಪಿನ ಬದಿಯಲ್ಲಿ.

ಚೆಂಡು ಕಂಬಕ್ಕೆ ಬಡಿಯಿತಂತೆ.
ಅದನ್ನೇ ಎತ್ತಿಕೊಂಡು ಅವರ ಹತ್ತನೇ ನಂಬರ್ ಓಡಿದನಂತೆ,
ನಮ್ಮವರು ತಲೆಗೆ ಕೈ ಹೊತ್ತು ನಿಂತೇ ಇದ್ದರಂತೆ.
ಈ ಸಲದ ನನ್ನ ಸೋಲೆಲ್ಲ ಬರೀ ಅಂತೆ.
ಅಂದುಂಞಿ ಮೂರು ದಿನ ಮಾತಾಡಲಿಲ್ಲ.
ಆಮೇಲೆ ಬಂದು ಹೇಳಿದ,
‘ನೀನು ನೋಡಲಿಲ್ಲ. ಅದಕ್ಕೇ.’

ಮರುವಾರ ಸುಕೇಶ ಅಂಗಡಿಗೆ ಬಂದ,
ಜೆರ್ಸಿ ಮಡಚದೆ ಮೇಜಿನ ಮೇಲಿಟ್ಟ.
‘ಒಂಬತ್ತು ಬಿಚ್ಚಿ ಕೊಡಿ.’
ಎರಡು ಸಲ ಹಾಕಿದ ಹೊಲಿಗೆ, ಸುಲಭಕ್ಕೆ ಬಿಡುವುದಿಲ್ಲ.
ಬ್ಲೇಡು ಹಿಡಿದು ಕೂತೆ. ಅವನು ನನ್ನ ಬೆರಳು ನೋಡುತ್ತಿದ್ದ,
ನಾನು ಅವನ ಮೊಣಕಾಲಿನ ಹಕ್ಕಳೆ.
ಅಂಕೆ ಬಿಟ್ಟು ಬಂತು. ಅದರಡಿಯಲ್ಲಿ
ಬಿಸಿಲನ್ನೇ ಕಾಣದ ಹಸಿರು,
ಒಂಬತ್ತರದೇ ಆಕಾರ.

‘ಇದು ಹೋಗುವುದಿಲ್ಲವಾ?’
‘ಒಗೆದು ಒಗೆದು ಹೋಗುತ್ತದೆ.’
‘ಎಷ್ಟು ದಿನ ಬೇಕು?’
ಆಚೆ ಗೇಟು ಬಿತ್ತು. ಸಾಲುನಿಂತ ಆಟೋದವರು
ಒಬ್ಬೊಬ್ಬರಾಗಿ ಎಂಜಿನ್ ಆರಿಸಿದರು.
‘ತಡಿ ಮಗ’ ಅಂದೆ,
‘ಈ ಗಾಡಿಯೊಂದು ಹೋಗಲಿ.’